ಗೊಬ್ಬೂರಿನ ಟ್ರ್ಯಾಕ್ಟರಿಗೆ ಹಾಕದೆ ಬಿಟ್ಟ ಎರಡು ಪಟ್ಟಿಗಳು

೧೯೭೯ರಲ್ಲಿ ನಾನು ಅಫಜಲಪುರದಲ್ಲಿದ್ದೆ. ರೈತರ ಯಂತ್ರಗಳನ್ನು ರಿಪೇರಿ ಮಾಡಿಕೊಡುತ್ತಿದ್ದ ಒಂದು ಸಂಸ್ಥೆಯಲ್ಲಿ ಸಹಾಯಕ ಇಂಜಿನಿಯರ್. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳು ನನ್ನ ಪಾಲಿಗೆ ಬಂದಿದ್ದವು. ಒಂದು ತಗಡಿನ ಶೆಡ್ಡು, ಒಬ್ಬ ವೆಲ್ಡರ್, ವಾರದಲ್ಲಿ ಮೂರು ದಿನ ಮಾತ್ರ ಸಿಗುವ ಒಂದು ಜೀಪು. ನನಗೆ ಇಪ್ಪತ್ತೇಳು ವರ್ಷ. ಧಾರವಾಡದ ಕಡೆಯವನು, ಕೃಷಿ ಇಂಜಿನಿಯರಿಂಗ್ ಪದವಿ ಮುಗಿಸಿ ಬಂದವನು. ನನಗೆ ಗೊತ್ತಿಲ್ಲದ್ದು ಈ ಎರೆ ಮಣ್ಣಿನಲ್ಲಿ ಹೆಚ್ಚೇನೂ ಇರಲಾರದು ಎಂದುಕೊಂಡಿದ್ದೆ.

ಮುಂದೆ ಹೇಳಲಿರುವ ಘಟನೆಯನ್ನು ನಾನು ಹದಿಮೂರು ವರ್ಷ ಒಂದೇ ರೀತಿಯಲ್ಲಿ ಹೇಳುತ್ತ ಬಂದೆ. ಅದು ತಪ್ಪಾಗಿತ್ತು. ಈಗ ಬರೆಯುವಾಗ ಆ ವರ್ಷದ ಡೈರಿಯನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಇರುವುದು ಯಾವುದು, ನೆನಪಿನಿಂದ ಬಂದದ್ದು ಯಾವುದು ಎಂದು ಬೇರೆ ಬೇರೆ ಹೇಳಲು ಪ್ರಯತ್ನಿಸುತ್ತೇನೆ. ನನ್ನ ನೆನಪಿಗೆ ನನ್ನ ಪರವಾಗಿ ಸಾಕ್ಷಿ ಹೇಳುವ ಅಭ್ಯಾಸವಿದೆ.

ಗೊಬ್ಬೂರಿನಲ್ಲಿ ಗುರುಶಾಂತಪ್ಪ ಎಂಬ ದೊಡ್ಡ ರೈತರಿದ್ದರು. ಅವರ ತಂದೆ ಐವತ್ತರ ದಶಕದ ಮೊದಲಲ್ಲಿ ತರಿಸಿದ್ದ ವಿದೇಶಿ ಟ್ರ್ಯಾಕ್ಟರ್ ಇನ್ನೂ ಅವರ ಮನೆಯಲ್ಲಿತ್ತು. ಪೆಟ್ರೋಲಿನಲ್ಲಿ ಶುರು ಮಾಡಿ, ಇಂಜಿನ್ ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕಾದ ಗಾಡಿ. ಊರವರು ಅದನ್ನು 'ಮುದುಕಿ' ಎನ್ನುತ್ತಿದ್ದರು. ಬೆಳಿಗ್ಗೆ ಆ ಅಂಗಳದ ಮುಂದೆ ಹಾಯುವವರು "ಮುದುಕಿ ಇವತ್ತ ಎದ್ದಾಳೇನ್ರಿ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ಕೇಳುತ್ತಿದ್ದುದು ಲಾಲಸಾಬನನ್ನು. ಅವನು ಅದರ ಡ್ರೈವರ್, ನಲವತ್ತರ ಆಸುಪಾಸಿನವನು. ಹುಟ್ಟಿದ್ದು ಬಂಡಿ ಹೊಡೆಯುವವರ ಮನೆಯಲ್ಲಿ; ಹದಿನಾರು ವರ್ಷದಿಂದ ಆ ಸೀಟು ಅವನದು. ಆ ಕಾಲದಲ್ಲಿ ಆ ಭಾಗದಲ್ಲಿ ಟ್ರ್ಯಾಕ್ಟರ್ ಡ್ರೈವರ್ ಎಂದರೆ ಮದುವೆಯಲ್ಲಿ ಜಮಖಾನೆಯಿಂದ ಎಬ್ಬಿಸಿ ಕುರ್ಚಿ ಕೊಡುವಷ್ಟು ಮರ್ಯಾದೆ. ಲಾಲಸಾಬನಿಗೆ ಆ ಕುರ್ಚಿ ಸುತ್ತಲಿನ ಎಂಟು ಹಳ್ಳಿಗಳಲ್ಲಿ ಸಿಗುತ್ತಿತ್ತು.

ಗುರುಶಾಂತಪ್ಪನವರ ತೊಂದರೆ ಸರಳವಾಗಿತ್ತು. ಹಳೆಯ ಟ್ರ್ಯಾಕ್ಟರಿಗೆ ಹಿಂದೆ ಇದ್ದದ್ದು ಡ್ರಾಬಾರ್ ಮಾತ್ರ, ಅಂದರೆ ನೆಲದ ಹತ್ತಿರ ಚಾಚಿಕೊಂಡ ಒಂದು ಕಬ್ಬಿಣದ ದಾಂಡ. ಅದಕ್ಕೆ ಕೊಂಡಿ ಹಾಕಿ ಏನನ್ನಾದರೂ ಎಳೆಯಬಹುದು, ಎತ್ತಲು ಬಾರದು. ಆ ಹೊತ್ತಿಗೆ ಮಾರುಕಟ್ಟೆಗೆ ಬರುತ್ತಿದ್ದ ನೇಗಿಲು, ಕಲ್ಟಿವೇಟರ್ ಎಲ್ಲವೂ ತ್ರೀ-ಪಾಯಿಂಟ್ ಹಿಚ್ ಇರುವ ಟ್ರ್ಯಾಕ್ಟರಿಗೆ ಮಾಡಿದವು. ಕೆಳಗೆ ಎರಡು ತೋಳು, ಮೇಲೆ ಒಂದು ಕೊಂಡಿ. ಈ ಮೂರು ಕಡೆ ಉಪಕರಣವನ್ನು ಹಿಡಿದು ಹೈಡ್ರಾಲಿಕ್ ಲಿಫ್ಟಿನಿಂದ ಎತ್ತುವ, ಇಳಿಸುವ ಏರ್ಪಾಡು ಅದು.

"ಮುದುಕಿಗೆ ಹೊಸಾ ಕೈ ಹಚ್ಚಕ ಬರ್ತದೇನ್ರಿ ಸಾಹೇಬ್ರ?" ಎಂದು ಗುರುಶಾಂತಪ್ಪ ಕೇಳಿದರು. ಬರುತ್ತದೆ ಎಂದೆ. ನಾನು ಅಷ್ಟು ಬೇಗ ಒಪ್ಪಿದ್ದು ಅವರಿಗಾಗಿ ಅಲ್ಲ. ಮೂರು ತಾಲೂಕುಗಳಲ್ಲಿ ಇಂಥ ಹಳೆಯ ಗಾಡಿಗಳು ಇನ್ನೂ ಕೆಲವು ಇದ್ದವು. ಒಂದನ್ನು ಮಾಡಿ ತೋರಿಸಿದರೆ ಗುಲ್ಬರ್ಗಾದ ಮೇಲಧಿಕಾರಿಗಳ ಕಣ್ಣಿಗೆ ಬೀಳುತ್ತೇನೆ ಎಂಬ ಲೆಕ್ಕ ನನ್ನದು. ಡೈರಿಯಲ್ಲಿ ಅದನ್ನು ನಾಚಿಕೆಯಿಲ್ಲದೆ ಬರೆದುಕೊಂಡಿದ್ದೇನೆ.

ಕೆಲಸ ಗುರುಶಾಂತಪ್ಪನವರ ಅಂಗಳದ ಬೇವಿನ ನೆರಳಲ್ಲೇ ನಡೆಯಿತು, ಹನ್ನೊಂದು ದಿನ. ಗುಜರಿಗೆ ಬಿದ್ದಿದ್ದ ಇನ್ನೊಂದು ಟ್ರ್ಯಾಕ್ಟರಿನ ಲಿಫ್ಟನ್ನು ಗುಲ್ಬರ್ಗಾದಿಂದ ತಂದೆವು. ನಮ್ಮ ವೆಲ್ಡರ್ ಮೌನಪ್ಪ, ಜೇವರ್ಗಿಯವನು, ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಕಬ್ಬಿಣ ಎಲ್ಲಿ ಬಿರುಕು ಬಿಡುತ್ತದೆ ಎಂದು ತಟ್ಟಿ ಹೇಳುತ್ತಿದ್ದ. ಕೆಳಗಿನ ತೋಳುಗಳ ಬ್ರಾಕೆಟ್ ಕೂರಿಸಬೇಕಾದ ಜಾಗ ಹಿಂದಿನ ಅಚ್ಚಿನ ಅಡಿಯಲ್ಲಿತ್ತು. ಹಳೆಯ ಡ್ರಾಬಾರಿನ ಬೋಲ್ಟುಗಳೂ ಅದೇ ರಂಧ್ರಗಳಲ್ಲಿ ಇದ್ದವು. ನಾನು ಡ್ರಾಬಾರ್ ತೆಗೆದುಬಿಡು ಎಂದೆ.

"ಹಳೀ ದಾಂಡ ತಗೀಬ್ಯಾಡ್ರಿ ಸಾಹೇಬ್ರ," ಎಂದ ಮೌನಪ್ಪ. "ಬೋಲ್ಟ್ ಜರಾ ಉದ್ದಂದು ಹಾಕಿದ್ರ ಎರಡೂ ಒಂದ ಕಡಿ ಕೂಡ್ತಾವ. ಗುಲ್ಬರ್ಗಾಕ್ಕ ಹೋಗಿ ಲೇಥ್ ಮ್ಯಾಲ ಮಾಡಿಸ್ಕೊಂಡ ಬರ್ತೇನಿ. ನಾಕ ದಿನ ಕೊಡ್ರಿ."

"ಗುರುವಾರ ಗುಲ್ಬರ್ಗಾದ ಸಾಹೇಬರು ನೋಡಲಿಕ್ಕೆ ಬರುತ್ತಾರೆ, ಮೌನಪ್ಪ."

"ಗುರುವಾರ ಮುಂದಿನ ವಾರಾನೂ ಬರ್ತದಲ್ರಿ."

ಲಾಲಸಾಬ ನಕ್ಕುಬಿಟ್ಟ. ನನಗೆ ಸಿಟ್ಟು ಬಂತು. ಡ್ರಾಬಾರ್ ಕಳಚಿತು.

ಅದರ ಬದಲಿಗೆ ಟ್ರಾಲಿ ಎಳೆಯಲು, ಕೆಳಗಿನ ಎರಡು ತೋಳುಗಳ ತುದಿಗೆ ರಂಧ್ರಗಳಿದ್ದ ಒಂದು ಅಡ್ಡಬಾರ್ ಹಾಕಿದೆವು. ಇಂಥ ಬಾರಿಗೆ ಒಂದು ನಿಯಮವಿದೆ. ತೋಳುಗಳು ಎದ್ದರೆ ಬಾರ್ ಕೂಡ ಏಳುತ್ತದೆ. ಹಾಗೆ ಏಳದಂತೆ ಅದರ ಎರಡು ತುದಿಗಳಿಂದ ಮೇಲಿನ ಕೊಂಡಿಯ ಬ್ರಾಕೆಟಿಗೆ ಎರಡು ಕಬ್ಬಿಣದ ಪಟ್ಟಿಗಳನ್ನು ಬಿಗಿಯಬೇಕು. ಇವುಗಳಿಗೆ ಸ್ಟೇ ಎನ್ನುತ್ತಾರೆ. ಇದು ನಮ್ಮ ಪಠ್ಯದಲ್ಲಿತ್ತು, ನಾನು ಪರೀಕ್ಷೆಯಲ್ಲಿ ಚಿತ್ರ ಬರೆದಿದ್ದೆ. ಕಾರಣವನ್ನೂ ಬರೆದಿದ್ದೆ: ಎಳೆಯುವ ಜಾಗ ಹಿಂದಿನ ಅಚ್ಚಿಗಿಂತ ಕೆಳಗಿದ್ದರೆ ಭಾರ ಹೆಚ್ಚಾದರೂ ಮುಂದಿನ ಗಾಲಿ ಸುಲಭವಾಗಿ ನೆಲ ಬಿಡುವುದಿಲ್ಲ; ಮೇಲಿದ್ದರೆ ಮುಂದಿನ ಗಾಲಿ ಎದ್ದು, ಟ್ರ್ಯಾಕ್ಟರ್ ತನ್ನ ಹಿಂದಿನ ಗಾಲಿಗಳ ಸುತ್ತ ತಿರುಗಿ ಡ್ರೈವರಿನ ಮೇಲೆ ಮಗುಚುತ್ತದೆ. ಮುದುಕಿಯ ಅಚ್ಚು ನೆಲದಿಂದ ಇಪ್ಪತ್ತಾರು ಇಂಚು. ಹಳೆಯ ಡ್ರಾಬಾರ್ ಹದಿನೈದು ಇಂಚಿನಲ್ಲಿತ್ತು. ಹೊಸ ಬಾರ್ ಪೂರ್ತಿ ಎತ್ತಿದಾಗ ಮೂವತ್ತನಾಲ್ಕು. ಈ ಮೂರೂ ಅಂಕಿಗಳು ಡೈರಿಯಲ್ಲಿವೆ, ನನ್ನದೇ ಕೈಯಲ್ಲಿ.

ಪಟ್ಟಿಗಳನ್ನು ಮೌನಪ್ಪ ಕತ್ತರಿಸಿಯೂ ಆಗಿತ್ತು. ತೂತು ಕೊರೆಯುವುದು ಬಾಕಿ. ಆದರೆ ಪಟ್ಟಿ ಬಿಗಿದರೆ ನೇಗಿಲು ತೆಗೆದು ಟ್ರಾಲಿ, ಟ್ರಾಲಿ ತೆಗೆದು ನೇಗಿಲು ಎಂದು ಐದು ನಿಮಿಷದಲ್ಲಿ ಬದಲಿಸಿ ತೋರಿಸಲು ಆಗುತ್ತಿರಲಿಲ್ಲ. ಪ್ರದರ್ಶನದ ಬೆರಗು ಇದ್ದದ್ದೇ ಆ ಐದು ನಿಮಿಷದಲ್ಲಿ. "ಗುರುವಾರ ಮುಗಿಯಲಿ," ಎಂದೆ. ಪಟ್ಟಿಗಳು ಬೇವಿನ ಬೊಡ್ಡೆಗೆ ಒರಗಿ ನಿಂತವು.

ಏಪ್ರಿಲಿನ ಆ ಗುರುವಾರ ಅಂಗಳದ ತುಂಬ ಜನ. ಐದು ಕುಳದ ಕಲ್ಟಿವೇಟರನ್ನು ಮುದುಕಿ ಸೆರಗು ಎತ್ತಿದಷ್ಟು ಸಲೀಸಾಗಿ ಎತ್ತಿದಳು. ಜನ ಕೇಕೆ ಹಾಕಿದರು. ಗುಲ್ಬರ್ಗಾದ ಸಾಹೇಬರು ನನ್ನ ಹೆಗಲು ತಟ್ಟಿದರು. ಅವರ ಜೊತೆ ಜೀಪಿನ ಕಡೆ ಹೊರಟಾಗ ಲಾಲಸಾಬ ಸೀಟಿನಿಂದ ಇಳಿದು ಹಿಂದೆ ಬಂದ.

"ಸಾಹೇಬ್ರ, ಒಂದ ಮಾತ್ರಿ. ಮಳಿಗಾಲದಾಗ ಟ್ರಾಲಿ ಹುಗದ್ರ ಈ ಬಾರ್ ಜರಾ ಮ್ಯಾಲೆತ್ತಿ ಎಳದ್ರ ಹಗರ ಆಗ್ತದಲ್ರಿ? ನೊಗಾ ಎತ್ತಿದಂಗ?"

ಈ ಪ್ರಶ್ನೆಯನ್ನು ಹೊರಗಿನವರಿಗೆ ವಿವರಿಸಬೇಕು. ಎರೆ ಮಣ್ಣಿನಲ್ಲಿ ಬಂಡಿ ಹುಗಿದರೆ ಅಲ್ಲಿ ಮಾಡುವ ಮೊದಲ ಕೆಲಸ, ನಾಲ್ಕು ಜನ ನೊಗಕ್ಕೆ ಹೆಗಲು ಕೊಟ್ಟು ಎತ್ತುವುದು. ಎಳೆತ ಮೇಲ್ಮುಖವಾದರೆ ಗಾಲಿ ಕೆಸರಿನಿಂದ ಕಿತ್ತು ಬರುತ್ತದೆ. ಇದು ಬಂಡಿ ಹೊಡೆಯುವವರು ತಲೆತಲಾಂತರದಿಂದ ಬಲ್ಲ ಮಾತು, ಮತ್ತು ಎತ್ತಿನ ಮಟ್ಟಿಗೆ ಪೂರ್ತಿ ಸತ್ಯ. ಎತ್ತು ಹಿಂದಕ್ಕೆ ಮಗುಚುವುದಿಲ್ಲ. ಲಾಲಸಾಬ ಕೇಳಿದ್ದು ಮೂರ್ಖ ಪ್ರಶ್ನೆಯಾಗಿರಲಿಲ್ಲ. ಅವನಂಥ ಮನುಷ್ಯ ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ನಾನು ಏನು ಹೇಳಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. 'ಹಾಗೆ ಮಾಡಕೂಡದು' ಎಂದೆನೆಂದು ಹದಿಮೂರು ವರ್ಷ ನಂಬಿದ್ದೆ.

ಗುರುವಾರ ಕಳೆದ ಮೇಲೂ ಪಟ್ಟಿ ಹಾಕುವ ಕೆಲಸಕ್ಕೆ ನಾನು ಮರಳಲಿಲ್ಲ. ಜೂನ್ ಕೊನೆಯಲ್ಲಿ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಲಾಲಸಾಬ ನೆಲಕ್ಕೆ ಹಾಸುವ ಪರಸಿ ಕಲ್ಲು ತುಂಬಿದ ಟ್ರಾಲಿಯನ್ನು ಹೊಲದ ದಾರಿಯಲ್ಲಿ ತರುವಾಗ ಗಾಲಿ ನಡುವಿನ ಗುಂಭದವರೆಗೆ ಹುಗಿಯಿತು. ಅವನು ಲಿಫ್ಟಿನ ಲಿವರ್ ಎಳೆದು ಬಾರ್ ಮೇಲೆತ್ತಿ, ಸಣ್ಣ ಗೇರಿನಲ್ಲಿ ಕ್ಲಚ್ ಬಿಟ್ಟ. ಮುದುಕಿ ಮುಂಗಾಲು ಎತ್ತಿ ಹಿಂದಕ್ಕೆ ಬಿದ್ದಳು. ಲಾಲಸಾಬ ಪಕ್ಕಕ್ಕೆ ಹಾರಿದ, ಆದರೆ ಎಡಗಾಲು ಮಡ್‌ಗಾರ್ಡಿನ ಕೆಳಗೆ ಸಿಕ್ಕಿತು. ಮಣ್ಣು ಮೆತ್ತಗಿದ್ದುದರಿಂದ ಜೀವ ಉಳಿಯಿತು. ಕಾಲು ಎರಡು ಕಡೆ ಮುರಿದಿತ್ತು.

ನಾನು ಆ ದಿನ ಆಳಂದ ತಾಲೂಕಿನ ಜಿಡಗಾದಲ್ಲಿ ಪಂಪ್‌ಸೆಟ್ಟಿನ ಕೆಲಸಕ್ಕೆ ಹೋಗಿದ್ದೆ. ಮರುದಿನ ಗೊಬ್ಬೂರಿಗೆ ಬಂದಾಗ ಟ್ರ್ಯಾಕ್ಟರ್ ಇನ್ನೂ ಗಾಲಿ ಮೇಲಾಗಿ ಬಿದ್ದಿತ್ತು. ಲಾಲಸಾಬನನ್ನು ಗುಲ್ಬರ್ಗಾದ ಆಸ್ಪತ್ರೆಗೆ ಒಯ್ದಿದ್ದರು. ಗುರುಶಾಂತಪ್ಪ ಬದುವಿನ ಮೇಲೆ ನಿಂತಿದ್ದರು. ಅವರು ಕೂಗಾಡಲಿಲ್ಲ.

"ಊರ ಮಂದಿ ಒಂದೊಂದ ಅಂತಾರ್ರಿ. ಡ್ರೈವರ್ ಕುಡದಿದ್ದ ಅಂತಾನೂ ಅಂತಾರ, ಅವ ಜನ್ಮದಾಗ ಮುಟ್ಟಿದಂವಲ್ಲ. ನೀವು ಕಲಿತವ್ರು. ತಪ್ಪು ಯಾರದಂತ ಬರದು ಕೊಡ್ರಿ. ಅವಂದಲ್ಲಂದ್ರ, ಕಾಲು ನೆಟ್ಟಗಾದ ದಿನಾನೇ ಅವನ್ನ ಮತ್ತ ಆ ಸೀಟಿನ ಮ್ಯಾಲ ಕೂಡಸ್ತೇನಿ. ಅವಂದೇ ಅಂದ್ರ ಮಾತ್ರ ಆಗಲ್ರಿ. ನಮ್ಮ ಮನ್ಯಾಗ ಹುಡುಗ್ರು ಹಿಂದ ಕುಂತ ಹೋಗ್ತಾರ."

ಲಾಲಸಾಬನ ಸೀಟು ನನ್ನ ಕೈಯ ಕಾಗದದ ಮೇಲೆ ಬಂದು ನಿಂತದ್ದು ಹೀಗೆ. ಸಂಸ್ಥೆಯೂ ವರದಿ ಕೇಳಿತ್ತು. ನಾನು ಎರಡು ಪುಟ ಬರೆದೆ. ಅಚ್ಚು, ಬಾರ್, ಎತ್ತರ, ಮಣ್ಣಿನ ಸ್ಥಿತಿ ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಪಟ್ಟಿಗಳ ಮಾತು ಎತ್ತಲಿಲ್ಲ. ಕೊನೆಯ ವಾಕ್ಯ: 'ಬಾರ್ ಎತ್ತಿ ಎಳೆಯಬಾರದೆಂದು ಚಾಲಕನಿಗೆ ಮೊದಲೇ ಸೂಚಿಸಲಾಗಿತ್ತು.' ಆಸ್ಪತ್ರೆಗೆ ಹೋಗಿ ಲಾಲಸಾಬನನ್ನು ಒಂದು ಮಾತು ಕೇಳಲಿಲ್ಲ. ಜೀಪು ಸಿಗಲಿಲ್ಲ ಎಂದು ಆಗ ಹೇಳಿಕೊಂಡೆ. ಅಫಜಲಪುರದಿಂದ ಗುಲ್ಬರ್ಗಾಕ್ಕೆ ದಿನಕ್ಕೆ ಹಲವು ಬಸ್ಸುಗಳಿದ್ದವು.

ವರದಿಯ ಒಂದು ಪ್ರತಿಯನ್ನು ಗುರುಶಾಂತಪ್ಪನವರಿಗೆ ಕೊಟ್ಟ ಸಂಗತಿ ಮೌನಪ್ಪನಿಗೆ ತಿಳಿಯಿತು. ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದ: "ಲಾಲಸಾಬಗ ಬ್ಯಾಡಂತ ಹೇಳಿದ್ರೇನ್ರಿ ನೀವು?"

"ಹೇಳಿದ್ದೆ."

"ನಾ ಅಲ್ಲೇ ಇದ್ದೆ, ಜೀಪಿನ ಬಾಜೂಕ. ನೀವು 'ಹಾಂ, ಹಾಂ' ಅಂದ್ರಿ."

"ಇಂಜಿನ್ ಸದ್ದಿನಲ್ಲಿ ನಿನಗೆ ಸರಿಯಾಗಿ ಕೇಳಿಲ್ಲ."

"ಅವ ಇಂಜಿನ್ ಬಂದ್ ಮಾಡಿ ಇಳದಿದ್ದ್ರಿ," ಎಂದ ಮೌನಪ್ಪ. ನಾನು ತಲೆ ಎತ್ತಲಿಲ್ಲ. "ಇರ್ಲಿ ಬಿಡ್ರಿ. ನೀವು ಬರದಿದ್ದು ಫೈಲಿನಾಗ ಇರ್ತದ, ನಾ ಅಂದಿದ್ದು ಗಾಳ್ಯಾಗ ಹೋಗ್ತದ."

ಅದೇ ವಾರ ನಾವಿಬ್ಬರೂ ಗೊಬ್ಬೂರಿಗೆ ಹೋಗಿ, ಎಬ್ಬಿಸಿ ನಿಲ್ಲಿಸಿದ್ದ ಟ್ರ್ಯಾಕ್ಟರಿಗೆ ಆ ಎರಡು ಪಟ್ಟಿಗಳನ್ನು ಬಿಗಿದೆವು. ತೂತು ಕೊರೆದು, ಪಿನ್ನು ಹಾಕಿ, ಮುಗಿಸಲು ಹಿಡಿದದ್ದು ನಲವತ್ತು ನಿಮಿಷ. ಗುರುಶಾಂತಪ್ಪ "ಇದೇನ್ರಿ ಹೊಸಾದು?" ಎಂದು ಕೇಳಿದಾಗ, "ಹೆಚ್ಚಿನ ಭದ್ರತೆಗೆ," ಎಂದವನು ನಾನು.

ಲಾಲಸಾಬ ಕುಂಟುತ್ತ ಆಸ್ಪತ್ರೆಯಿಂದ ಬಂದಾಗ ಸೀಟಿನ ಮೇಲೆ ಬೇರೆಯವನಿದ್ದ. ಗುರುಶಾಂತಪ್ಪ ಅವನಿಗೆ ಕಣ ಕಾಯುವ ಕೆಲಸ ಕೊಡುತ್ತೇನೆಂದರು. ಅವನು ಒಲ್ಲೆನೆಂದು, ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟ. ಮೂರು ತಾಲೂಕುಗಳಲ್ಲಿ ಯಾರೂ ಅವನಿಗೆ ಟ್ರ್ಯಾಕ್ಟರ್ ಕೊಡಲಿಲ್ಲ ಎಂದು ಆಮೇಲೆ ಕೇಳಿದೆ. ನನಗೆ ಮರುವರ್ಷ ಬಡ್ತಿಯಾಯಿತು.

೧೯೯೨ರಲ್ಲಿ ಜೇವರ್ಗಿಯಲ್ಲಿ ಡ್ರೈವರುಗಳಿಗೆ ಒಂದು ತರಬೇತಿ ನಡೆಸಿದೆ. ಸುರಕ್ಷತೆಯ ಪಾಠದಲ್ಲಿ ಎಂದಿನಂತೆ ಊರಿನ, ಮನುಷ್ಯನ ಹೆಸರು ಬಿಟ್ಟು ಆ ಕಥೆ ಹೇಳಿದೆ: ಬೇಡವೆಂದರೂ ಬಾರ್ ಎತ್ತಿದ ಒಬ್ಬ ಡ್ರೈವರಿನ ಕಥೆ. ಹಿಂದಿನ ಸಾಲಿನಿಂದ ಅಂದೋಲಾದ ಒಬ್ಬ ಡ್ರೈವರ್ ಎದ್ದ.

"ಸರ್, ಆ ಮನಷ್ಯಾ ನಮ್ಮೂರಾಗೇ ಅದಾನ್ರಿ, ಗೊಬ್ಬೂರಿಂದ ಬಂದ ಲಾಲಸಾಬ. ಹಿಟ್ಟಿನ ಗಿರಣಿ ನಡಸ್ತಾನ. ಅವನೂ ಹೀಂಗೇ ಹೇಳ್ತಾನ್ರಿ, ಇಂಜಿನಿಯರ್ ಬ್ಯಾಡಂದಿದ್ರು, ನಾ ಕೇಳಲಿಲ್ಲ, ನೀವರ ಕೇಳ್ರಿಲೇ ಅಂತ."

ಆ ಕ್ಷಣ ನನಗೆ ಆದದ್ದು ಸಂತೋಷ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದು ಸಂತೋಷವೇ. ನಾನು ಹೇಳಿದ್ದೆ! ಮೌನಪ್ಪನಿಗೇ ತಪ್ಪಾಗಿ ಕೇಳಿಸಿದ್ದು. ಮನೆಗೆ ಬಂದವನು ಇನ್ನಷ್ಟು ಗಟ್ಟಿ ಮಾಡಿಕೊಳ್ಳಲು ೧೯೭೯ರ ಡೈರಿ ತೆಗೆದು ಆ ಗುರುವಾರದ ಪುಟ ನೋಡಿದೆ.

ನೀಲಿ ಶಾಯಿಯಲ್ಲಿ, ಪೆನ್ನಿನಿಂದ ಬರೆದ ಆರು ಸಾಲು. 'ಪ್ರದರ್ಶನ ಚೆನ್ನಾಗಿ ಆಯಿತು. ಸಾಹೇಬರಿಗೆ ಖುಷಿ. ಸ್ಟೇ ಹಾಕುವುದು ಬಾಕಿ.' ಹೀಗೆ. ಅದರ ಕೆಳಗೆ, ಪುಟದ ಅಂಚಿಗೆ ಒತ್ತಿ, ಕಪ್ಪು ಬಾಲ್‌ಪೆನ್ನಿನಲ್ಲಿ ಇನ್ನೊಂದು ಸಾಲು: 'ಬಾರ್ ಎತ್ತಕೂಡದೆಂದು ಲಾಲಸಾಬನಿಗೆ ಸೂಚಿಸಲಾಯಿತು.' ಏಪ್ರಿಲಿನಿಂದ ಅಪಘಾತದ ದಿನದವರೆಗೆ ಆ ಡೈರಿಯಲ್ಲಿ ಇನ್ನೆಲ್ಲೂ ಬಾಲ್‌ಪೆನ್ ಇಲ್ಲ. ಅಪಘಾತದ ಮರುದಿನದಿಂದ ಎಲ್ಲ ಪುಟಗಳೂ ಅದರಲ್ಲೇ ಇವೆ. 'ಸೂಚಿಸಲಾಯಿತು' ಎಂದು ನನ್ನ ಖಾಸಗಿ ಡೈರಿಯಲ್ಲಿ ನಾನು ಬೇರೆಲ್ಲಿಯೂ ಬರೆದಿಲ್ಲ. ಅದು ವರದಿಯ ಭಾಷೆ.

ಆ ಸಾಲನ್ನು ಸೇರಿಸಿದ್ದು ನನಗೆ ನೆನಪಿಲ್ಲ. ಇಂದಿಗೂ ಇಲ್ಲ. ಅಕ್ಷರ ಮಾತ್ರ ನನ್ನದೇ. ಆ ಪುಟದ ಮುಂದೆ ಕೂತಿದ್ದಾಗ ಮೌನಪ್ಪನ 'ಹಾಂ, ಹಾಂ' ನನ್ನ ಕಿವಿಗೆ ಬಿತ್ತು, ನನ್ನದೇ ದನಿಯಲ್ಲಿ. ಅದು ನೆನಪೋ, ತಪ್ಪಿತಸ್ಥನ ಕಲ್ಪನೆಯೋ, ಪ್ರಮಾಣ ಮಾಡಿ ಹೇಳಲಾರೆ. ಆದರೆ ಸಾಕ್ಷಿ ಸಾಕಾಗಿತ್ತು.

ಎರಡು ದಿನ ಬಿಟ್ಟು ಅಂದೋಲಾಕ್ಕೆ ಹೋದೆ. ಗಿರಣಿಯ ಮುಂದೆ ಜೋಳದ ಬುಟ್ಟಿ ಇಟ್ಟುಕೊಂಡು ನಾಲ್ಕು ಹೆಣ್ಣುಮಕ್ಕಳು ಕೂತಿದ್ದರು. ಲಾಲಸಾಬನ ಹುಬ್ಬಿನ ಮೇಲೆಲ್ಲ ಹಿಟ್ಟು. ನನ್ನನ್ನು ಗುರುತಿಸಿ ಗಿರಣಿ ನಿಲ್ಲಿಸಿದ.

"ಬರ್ರಿ ಬರ್ರಿ ಸಾಹೇಬ್ರ! ನೀವು ಅಂದಿದ್ದ ನಾ ಅವತ್ತ ಕೇಳಿದ್ರ ಈ ಹಿಟ್ಟ ಬಡ್ಕೊಳ್ಳೂದ ತಪ್ಪತಿತ್ತ್ರಿ," ಎಂದು ನಕ್ಕ.

"ನಾನು ಏನು ಅಂದಿದ್ದೆ, ಲಾಲಸಾಬ?"

"ಬ್ಯಾಡಂದ್ರಿ. ಕೈ ಹೀಂಗ ಮಾಡಿ ಅಂದ್ರಿ." ಅವನು ಅಂಗೈ ಅಡ್ಡಡ್ಡ ಆಡಿಸಿ ತೋರಿಸಿದ.

"ಅದು ನಿನಗೆ ನೆನಪಿದೆಯೋ, ಯಾರಾದರೂ ಹೇಳಿದರೋ?"

ಅವನು ಯೋಚಿಸಿದ. "ದವಾಖಾನ್ಯಾಗ ಮೊದಲ ಇಲ್ಲಂತೇ ಅಂತಿದ್ದೆ ಖರೇ. ಗುರುಶಾಂತಪ್ಪ ಗೌಡ್ರು ಬಂದು, ಸಾಹೇಬ್ರು ಬರದು ಕೊಟ್ಟಾರಂತ ಓದಿ ತೋರಿಸಿದ್ರು. ಬರದಾರಂದ್ರ ಹೇಳಿರಬೇಕು ಅಂತ ಕುಂತು ಕುಂತು ನೆನಸ್ಕೊಂಡೆ. ನೆನಪಾಯ್ತ್ರಿ."

ನಾನು ಹೇಳಿಲ್ಲ ಎಂದೆ. ನೀನು ಕೇಳಿದಾಗ ನಾನು ಸಾಹೇಬರ ಕಡೆ ನೋಡುತ್ತ 'ಹಾಂ' ಎಂದೆ. ಬಾರ್ ಏಳದಂತೆ ಎರಡು ಪಟ್ಟಿ ಹಾಕಬೇಕಿತ್ತು, ಅದನ್ನೂ ಹಾಕಲಿಲ್ಲ. ಆಮೇಲೆ ಸುಳ್ಳು ಬರೆದೆ. ಇಷ್ಟನ್ನು ಹೇಳಲು ಒಂದು ನಿಮಿಷವೂ ಬೇಕಾಗಲಿಲ್ಲ.

ಲಾಲಸಾಬನ ಮುಖದಲ್ಲಿ ನಗು ಹಾಗೇ ಇತ್ತು, ತೆಗೆಯಲು ಮರೆತವನಂತೆ. ಆಮೇಲೆ ಕೇಳಿದ: "ಹಂಗಾದ್ರ ಹದಿಮೂರು ವರ್ಷ ನಾ ಯಾರ ತಪ್ಪಿಗಿ ಮಾರಿ ತಗ್ಗಿಸ್ಕೊಂಡು ಕುಂತೇನ್ರಿ?"

ಬುಟ್ಟಿಯ ಹತ್ತಿರ ಕೂತಿದ್ದ ಒಬ್ಬ ಮುದುಕಿ, ಎಲ್ಲವನ್ನೂ ಕೇಳಿದವಳು, ಅಂದಳು: "ಅಲ್ಲೋ ಯಪ್ಪಾ, ಆವಾಗ ಎಲ್ಲಿ ಹೋಗಿತ್ತು ಈ ಬಾಯಿ?"

"ಸುಮ್ನಿರಬೇ," ಎಂದ ಲಾಲಸಾಬ. ನನ್ನ ಪರವಾಗಿ ಅಲ್ಲ, ಅವನಿಗೆ ಯೋಚಿಸಬೇಕಿತ್ತು. ನಾನು ಜೇಬಿನಿಂದ ಕಾಗದ ತೆಗೆದೆ. ತಪ್ಪೊಪ್ಪಿಗೆಯನ್ನು ಬರೆದು, ಸಹಿ ಮಾಡಿ ತಂದಿದ್ದೆ. ಅವನು ಕೈ ಚಾಚಲಿಲ್ಲ.

"ನಿಮ್ಮ ಕಾಗದ ಬ್ಯಾಡ್ರಿ ನನಗ. ನನ್ನ ಹೆಸರು ಹೋಗಿದ್ದು ಗೊಬ್ಬೂರಾಗ. ಅಲ್ಲಿ ಹೋಗಿ ಬಾಯಿಲೇ ಹೇಳ್ರಿ, ನಾಕ ಮಂದ್ಯಾಗ." ಹೇಳಿ ಗಿರಣಿಯ ಸ್ವಿಚ್ ಹಾಕಿದ. ಆ ಸದ್ದಿನಲ್ಲಿ ಮುಂದೆ ಮಾತಾಡಲು ಸಾಧ್ಯವಿರಲಿಲ್ಲ.

ಗೊಬ್ಬೂರಿಗೆ ಹೋದೆ. ಗುರುಶಾಂತಪ್ಪನವರ ಕಟ್ಟೆಯ ಮೇಲೆ ಏಳೆಂಟು ಜನರಿದ್ದರು. ಅವರ ಮುಂದೆ ಹೇಳಿದೆ. ಗುರುಶಾಂತಪ್ಪನವರಿಗೆ ಆಗ ಎಪ್ಪತ್ತು ದಾಟಿತ್ತು. "ನಾ ಅವನ ಮಾತು ನಂಬಲಿಲ್ಲ, ನಿಮ್ಮ ಸಹಿ ನಂಬಿದೆ," ಎಂದರು. ನನಗೆ ಚಹ ಹೇಳಲಿಲ್ಲ. ಆ ಮನೆಯಲ್ಲಿ ಅದು ಮೊದಲ ಸಲ.

ಆ ನಂತರ ಸೇವೆಯಲ್ಲಿ ಉಳಿದ ವರ್ಷಗಳಲ್ಲಿ ಅಪಘಾತಗಳ ತನಿಖೆ ಮಾಡುವ ಸಂದರ್ಭಗಳು ಬಂದವು. ಯಂತ್ರವನ್ನು ಅಳೆಯುವ ಮೊದಲು ಆಸ್ಪತ್ರೆಗೆ ಹೋಗಿ, ಗಾಯಗೊಂಡವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದುಕೊಂಡು, ಅವನಿಗೆ ಓದಿ ಹೇಳಿದ ಮೇಲೆಯೇ ನನ್ನ ಪೆನ್ನು ತೆಗೆಯುತ್ತಿದ್ದೆ. ಕೈಕೆಳಗಿನ ಇಂಜಿನಿಯರುಗಳಿಗೂ ಇದನ್ನು ಕಡ್ಡಾಯ ಮಾಡಿದೆ. ಅವರು ಅದನ್ನು ಕರುಣೆ ಎಂದುಕೊಂಡರು. ಅದು ಕರುಣೆಯಲ್ಲ. ಕಲಿತವನ ವರದಿ ತಲುಪಿದ ಮೇಲೆ, ಓದು ಬಾರದವನು ತನಗೆ ಆದದ್ದನ್ನೂ ಮರೆತು ನಮ್ಮ ಸುಳ್ಳನ್ನೇ ನೆನಪಿಟ್ಟುಕೊಳ್ಳುತ್ತಾನೆ. ಅದಕ್ಕಿಂತ ಮೊದಲು ಅವನ ಬಳಿ ಹೋಗಿರಬೇಕು.